ನೀನು ಬುಕ್ ಮಾಡಿದ ಸ್ಪೇನು, ನಾನು ತಿಂದ ಅರ್ಧ ತಟ್ಟೆ

ಮೈಸೂರಿನ ಹಾಸ್ಟೆಲಿನಲ್ಲಿ ಮೂರು ವರ್ಷ ನನ್ನ ಗೊರಕೆ ಸಹಿಸಿಕೊಂಡ ಗೆಳೆಯ ಮೋಹನನಿಗೆ,

ಹೇಗಿದ್ದೀಯ ಎಂದು ಕೇಳಿದರೆ ನೀನು ನಗುತ್ತೀಯ, ಆದ್ದರಿಂದ ಕೇಳುವುದಿಲ್ಲ. ನಾನು ಹೇಗಿದ್ದೇನೆ ಅಂತ ಹೇಳಿಬಿಡುತ್ತೇನೆ. ಹೊಟ್ಟೆಕಿಚ್ಚಿನಲ್ಲಿ ಬೆಂದು ಬಂದಿದ್ದೇನೆ ಕಣೋ. ಸತ್ತವನ ಮೇಲೆ ಹೊಟ್ಟೆ ಉರಿದುಕೊಳ್ಳುವವನು ಈ ಕೆಲ್ಲಿವಿಲ್ ಸಬರ್ಬಿನಲ್ಲಿ ನಾನೊಬ್ಬನೇ ಇರಬೇಕು. ಮಗಳು ಅನಿತಾ ವೆಸ್ಟ್‌ಮೀಡ್ ಆಸ್ಪತ್ರೆಗೆ ಡ್ಯೂಟಿಗೆ ಹೋದಳು, ಅಳಿಯ ಇನ್ನೊಂದು ಕಾರು ತೆಗೆದುಕೊಂಡು ಹೋದ, ಮೊಮ್ಮಗಳು ಶಾಲೆಗೆ. ಮನೆಯಲ್ಲಿ ನಾನು ಮತ್ತು ಡಿಶ್‌ವಾಷರ್. ಬರೆಯಲು ಇದಕ್ಕಿಂತ ಒಳ್ಳೆಯ ಹೊತ್ತು ಸಿಗುವುದಿಲ್ಲ. ಸಿಕ್ಕರೂ ಧೈರ್ಯ ಸಿಗುವುದಿಲ್ಲ.

ನೀನು ಹೋದ ಮೇಲೂ ಮೆಲ್ಬರ್ನಿನ ನಿನ್ನ ವೆರಿಬೀ ಮನೆಯಿಂದ ಭಾನುವಾರದ ಫೋನು ನಿಲ್ಲಲಿಲ್ಲ ಎಂಬುದು ನಿನಗೆ ಗೊತ್ತಿಲ್ಲ, ಅಲ್ಲವೆ? ನನ್ನ ಸರೋಜ ತೀರಿಕೊಂಡ ಮೇಲೆ ನೀನು ಪ್ರತಿ ಭಾನುವಾರ ನನಗೆ ಫೋನು ಮಾಡುತ್ತಿದ್ದೆ. ನೀನು ತೀರಿಕೊಂಡ ಮುಂದಿನ ಭಾನುವಾರ ಅದೇ ಹೊತ್ತಿಗೆ ಫೋನು ರಿಂಗಾಯಿತು. ನಿನ್ನ ವಸುಧಾ. "ಇವರು ಮಾಡ್ತಿದ್ರಲ್ಲ, ನಿಲ್ಲಿಸೋದು ಯಾಕೆ ಅಂತ ಮಾಡಿದೆ," ಎಂದರು. ಮೊದಮೊದಲು ಸುಮ್ಮನೆ ಮಾತು. ಆಮೇಲಾಮೇಲೆ ಶನಿವಾರ ಸಂಜೆಯಿಂದಲೇ ನಾನು ಫೋನಿಗೆ ಚಾರ್ಜ್ ಹಾಕಿಡಲು ಶುರುಮಾಡಿದೆ. ಇನ್ನು ಬಿಡಿಸಿ ಹೇಳಬೇಕೆ? ನಿನ್ನಿಂದ ಮುಚ್ಚಿಟ್ಟು ನಾನು ಯಾವಾಗ ಬದುಕಿದ್ದೆ...

ಒಂದು ಭಾನುವಾರ, ತರಕಾರಿ ತರಲು ಬರ್ತೀರಾ ಎಂದು ಕೇಳುವ ಧಾಟಿಯಲ್ಲೇ ಕೇಳಿದರು: "ಶ್ರೀಪತಿಯವರೇ, ಸ್ಪೇನ್‌ಗೆ ಬರ್ತೀರಾ?"

"ಯಾರು, ನಾನಾ?"

"ಇವರು ಬುಕ್ ಮಾಡಿಟ್ಟು ಹೋದ್ರಲ್ಲ, ಅದು. ಹೆಸರು ಬದಲಾಯಿಸ್ಕೊಡ್ತಾರಂತೆ. ಮಗಳಿಗೆ ರಜ ಇಲ್ಲ. ಒಬ್ಳೇ ಹೋಗೋಕೆ ಒಂಥರಾ ಆಗತ್ತೆ. ರೂಮು ಬೇರೆಬೇರೆ, ಅದನ್ನ ಮಾತಾಡಿದೀನಿ. ದಕ್ಷಿಣದ ನಾಲ್ಕೈದು ಊರು, ಹನ್ನೆರಡೇ ಜನ, ಜೊತೆಗೊಬ್ಬ ಗೈಡು. ಊರು ನೋಡೋದು, ಅಲ್ಲಿಯವರ ಊಟ ತಿನ್ನೋದು. ಅಷ್ಟೇ."

"ನನಗೆ ಮಂಡಿ ನೋವು."

"ಇವರಿಗೂ ಇತ್ತಲ್ಲ. ಅದಕ್ಕೇ ನಿಧಾನವಾಗಿ ನಡೆಸೋ ಟೂರನ್ನೇ ಹುಡುಕಿದ್ರು."

ನಿನ್ನ ಮಂಡಿಗೆಂದು ಹುಡುಕಿದ ಟೂರಿಗೆ ನನ್ನ ಮಂಡಿ ಹೊರಟಿತು ನೋಡು. ಮೊಮ್ಮಗಳು ಸೂಟ್‌ಕೇಸಿನ ಮೇಲೆ ಕೂತು, "ತಾತಾ, ಈಸ್ ವಸುಧಾ ಆಂಟಿ ಅವರ್ ರಿಲೇಟಿವ್?" ಎಂದಳು. ನಾನು "ಆಲ್‌ಮೋಸ್ಟ್" ಎಂದೆ. ಅನಿತಾ ತಿರುಗಿ ನೋಡಿದಳು. ನಾನು ಸಾಕ್ಸ್ ಮಡಿಸಿದೆ. ಹೋದ ಮೇಲೆ ಒಂದು ಮಾತು ಕೇಳಿಯೇ ಬರಬೇಕೆಂದು ನಿಶ್ಚಯ ಮಾಡಿಕೊಂಡೇ ಹೊರಟಿದ್ದೆ: ಉಳಿದ ದಿನಗಳಿಗೆ ಒಬ್ಬರಿಗೊಬ್ಬರು ಜೊತೆಯಾಗೋಣವೆ ಎಂದು. ನಿನ್ನ ಹೆಂಡತಿಯನ್ನು. ಸಿಟ್ಟು ಮಾಡಿಕೋ, ಆದರೆ ಪೂರ್ತಿ ಓದಿ ಮಾಡಿಕೋ.

ಸೆವಿಲ್ಲಾದ ಮೊದಲ ಮಧ್ಯಾಹ್ನದ ಊಟ ಕಣ್ಣಿಗೆ ಕಟ್ಟಿದ ಹಾಗಿದೆ. ಅಲ್ಲಿ ನಮ್ಮ ಹಾಗೆ ಒಬ್ಬೊಬ್ಬರಿಗೆ ಒಂದೊಂದು ತಟ್ಟೆ ಇಲ್ಲ. ಚಿಕ್ಕ ಚಿಕ್ಕ ತಟ್ಟೆ ತಂದು ಮೇಜಿನ ನಡುವೆ ಇಡುತ್ತಾರೆ, ಎಲ್ಲರೂ ತಮ್ಮ ತಮ್ಮ ಫೋರ್ಕು ಹಾಕಿ ತಿನ್ನುತ್ತಾರೆ. ಬಾಯಿಗೆ ಹೋದ ಫೋರ್ಕು ಮತ್ತೆ ತಟ್ಟೆಗೆ, ಮತ್ತೆ ಬಾಯಿಗೆ. ಎಂಜಲು ಎನ್ನುವ ಮಾತೇ ಆ ದೇಶದಲ್ಲಿಲ್ಲ. ನಮ್ಮ ಗೈಡ್ ಲೂಸಿಯಾ, ಮೂವತ್ತೈದರ ಚುರುಕು ಹೆಂಗಸು, "ಮೈ ಟೂ ವೆಜಿಟೇರಿಯನ್ಸ್!" ಎಂದು ಕೂಗಿ ನಮ್ಮಿಬ್ಬರನ್ನೂ ಮೇಜಿನ ತುದಿಗೆ ಕೂರಿಸಿ, ನಮ್ಮಿಬ್ಬರ ನಡುವೆ ಒಂದೇ ಒಂದು ತಟ್ಟೆ ಇಟ್ಟಳು. ಪಾಲಕ್ ಸೊಪ್ಪು, ಕಡಲೆಕಾಳು, ಮೇಲೆ ಜೀರಿಗೆ ಘಮ. ನಮ್ಮ ಮನೆಯ ಪಲ್ಯವೇ ಪಾಸ್‌ಪೋರ್ಟ್ ಮಾಡಿಸಿಕೊಂಡು ಹೋಗಿ ಕೂತ ಹಾಗಿತ್ತು.

ಒಂದು ತಟ್ಟೆ, ಇಬ್ಬರು. ನಾನು ಫೋರ್ಕು ಹಿಡಿದು ಸುಮ್ಮನೆ ಕೂತೆ. ವಸುಧಾ ನನ್ನ ಮುಖ ನೋಡಿದರು, ತಟ್ಟೆ ನೋಡಿದರು, ಚಮಚದ ಹಿಡಿಯಿಂದ ಪಲ್ಯದ ನಡುವೆ ಉದ್ದಕ್ಕೆ ಒಂದು ಗೆರೆ ಎಳೆದರು. "ಈ ಕಡೆ ನಿಮ್ಮದು. ಆ ಕಡೆ ನನ್ನದು." ಕಾಲುವೆಯಂಥ ಗೆರೆ. ಎದುರಿಗೆ ಕೂತಿದ್ದ ಜೀಲಾಂಗಿನ ನಿವೃತ್ತ ನರ್ಸ್ ಗ್ಲೆನಿಸ್, "ಈಸ್ ಇಟ್ ಎ ಗೇಮ್?" ಎಂದು ಕೇಳಿದರು. ನಾನು ಎಂಜಲು ಎನ್ನುವುದನ್ನು ಇಂಗ್ಲಿಷಿನಲ್ಲಿ ವಿವರಿಸಲು ಹೋಗಿ, "ಇಟ್ ಈಸ್ ಎ ಮ್ಯಾಟರ್ ಆಫ್ ಸಲೈವಾ, ಮೇಡಂ," ಎಂದುಬಿಟ್ಟೆ. ಆಮೇಲೆ ಆಕೆ ನಮ್ಮ ತುದಿಯ ಕಡೆ ಬ್ರೆಡ್ಡಿನ ಬುಟ್ಟಿಯನ್ನೂ ದಾಟಿಸಲಿಲ್ಲ. ವಸುಧಾ ನಕ್ಕರು. ನಗುತ್ತಲೇ ಹೇಳಿದರು: "ಇವರು ಇದ್ದಿದ್ರೆ ಗೆರೆ ಬೇಕಾಗ್ತಿರಲಿಲ್ಲ. ನನ್ನ ತಟ್ಟೆಗೇ ಕೈ ಹಾಕ್ತಿದ್ರು."

ಅಲ್ಲಿ ಹತ್ತಿಕೊಂಡಿತು ನೋಡು. ಸೊಪ್ಪಿನ ನಡುವಿನ ಆ ಗೆರೆ ನಿನ್ನದು. ನೀನೇ ಮೇಜಿನ ಮೂರನೇ ಕುರ್ಚಿಯಲ್ಲಿ ಕೂತು ಎಳೆದದ್ದು.

ರೋಂಡಾ ಎಂಬ ಊರಿನಲ್ಲಿ ಎರಡು ಬೆಟ್ಟಗಳ ನಡುವೆ ಪಾತಾಳದಷ್ಟು ಆಳದ ಕಂದಕ, ಅದರ ಮೇಲೆ ಕಲ್ಲಿನ ಸೇತುವೆ. ಕಟಕಟೆ ಹಿಡಿದು ಕೆಳಗೆ ನೋಡಿದರೆ ಹಕ್ಕಿಗಳ ಬೆನ್ನು ಕಾಣುತ್ತದೆ. ಇಂಥ ಕಡೆ ಏನಾದರೂ ಒಳ್ಳೆಯ ಮಾತು ಆಡಬೇಕು, ಪಕ್ಕದಲ್ಲಿ ನಿಂತವರಿಗೆ ನೆನಪಿರುವಂಥದ್ದು. ಹುಡುಕಿದೆ, ಹುಡುಕಿದೆ. ಕೊನೆಗೆ ಬಾಯಿಂದ ಬಂದದ್ದು: "ವೆರಿ ಪಿಕ್ಚರೆಸ್ಕ್." ವಸುಧಾ ಕಣ್ಣರಳಿಸಿದರು. "ಅಯ್ಯೋ, ಇವರೂ ಅದೇ ಪದ ಹೇಳೋರು! ಯಾವ ಊರಿಗೆ ಹೋದ್ರೂ ಪಿಕ್ಚರೆಸ್ಕ್." ನೆನಪಿದೆಯೇನೋ, ಬಿ.ಎ. ಪರೀಕ್ಷೆಯ ಹಿಂದಿನ ಸಂಜೆ ನೀನೇ ಹೇಳಿಕೊಟ್ಟದ್ದು? ಪ್ರಬಂಧ ಯಾವ ಊರಿನ ಮೇಲೆ ಬಂದರೂ ಆ ಪದ ಸೇರಿಸು, ಮಾರ್ಕು ಜಾಸ್ತಿ ಬೀಳತ್ತೆ ಅಂತ. ನನಗೆ ಮಾರ್ಕು ಬಿತ್ತು. ಆದರೆ ಐವತ್ತು ವರ್ಷದ ನಂತರ ಒಬ್ಬ ಹೆಂಗಸಿನ ಮುಂದೆ ಆಡಿದ ಒಂದೇ ಒಂದು ಇಂಗ್ಲಿಷ್ ಪದವೂ ನಿನ್ನ ಸ್ವತ್ತೇ ಆಗಿತ್ತಲ್ಲ, ಇದಕ್ಕೆ ಏನು ಹೇಳಲಿ?

ನಿನ್ನ ಅದೃಷ್ಟವೇ ಹಾಗೆ. ನೀನು ಮೂವತ್ತು ವರ್ಷದ ಹಿಂದೆ ಮೆಲ್ಬರ್ನಿಗೆ ಬಂದು ಕಾಯಂ ನೆಲೆಸುವ ಪಿಆರ್ ತೆಗೆದುಕೊಂಡು, ಮನೆಯ ಮಾರ್ಟ್‌ಗೇಜ್ ತೀರಿಸಿ, ಹಿತ್ತಲಲ್ಲಿ ಕರಿಬೇವು ಬೆಳೆಸಿದೆ. ನಾನು ಹಾಸನದಲ್ಲಿ ವಿದ್ಯುತ್ ಇಲಾಖೆಯ ಕಂಪ್ಲೇಂಟ್ ಸೆಕ್ಷನ್ನಿನಲ್ಲಿ ರಿಟೈರಾಗಿ, ಮೊಮ್ಮಗಳು ಹುಟ್ಟಿದಾಗ ನಿನ್ನಿಂದ ಒಂದು ವಿಮಾನದಷ್ಟು ದೂರದ ಈ ಊರಿಗೆ ಬಂದು ಮಗಳ ಮನೆಯಲ್ಲಿ ಇಳಿದುಕೊಂಡವನು. ಅದಕ್ಕೆಲ್ಲ ನಾನು ಎಂದಾದರೂ ಹೊಟ್ಟೆ ಉರಿದುಕೊಂಡಿದ್ದೆನೆ? ಇಲ್ಲವೇ ಇಲ್ಲ. ಸ್ವಲ್ಪ ಇತ್ತು. ಆದರೆ ಸ್ಪೇನಿನಲ್ಲಿ ಆದದ್ದು ಬೇರೆ ಜಾತಿಯ ಉರಿ.

ಕೊರ್ದೊಬಾದ ದೊಡ್ಡ ಮಸೀದಿಯೊಳಗೆ ಕಾಲಿಟ್ಟಾಗ ತಂಪು. ಕಣ್ಣು ಹೋದಷ್ಟು ದೂರ ಕಂಬಗಳು, ಮೇಲೆ ಕೆಂಪು ಬಿಳಿ ಪಟ್ಟೆಯ ಕಮಾನುಗಳು, ಒಂದರ ಮೇಲೊಂದು. ನಾನು ಹಿಂದಿನ ದಿನವೇ ಲೂಸಿಯಾಳನ್ನು ಗುಟ್ಟಾಗಿ ಕೇಳಿ ಒಂದು ಸಂಗತಿ ತಿಳಿದುಕೊಂಡಿದ್ದೆ. ಗಂಟಲು ಸರಿಮಾಡಿಕೊಂಡು, "ವಸುಧಾ ಅವರೇ, ಈ ಕಂಬಗಳು ನೋಡಿ, ಎಲ್ಲ ಒಂದೇ ಎತ್ತರ..." ಎಂದು ಶುರುಮಾಡಿದೆ.

"ಇರಲಿಲ್ಲ. ಹಳೇ ಕಟ್ಟಡಗಳಿಂದ ತಂದಿದ್ದು. ಉದ್ದ ಇದ್ದಿದ್ದನ್ನ ನೆಲದೊಳಕ್ಕೆ ಹೂತು, ಗಿಡ್ಡ ಇದ್ದಿದ್ದಕ್ಕೆ ಕೆಳಗೆ ಕಲ್ಲು ಕೊಟ್ಟು ಸರಿ ಮಾಡಿದಾರೆ. ಇವರು ಹೇಳಿದ್ರು. ಆಸ್ಪತ್ರೆ ಮಂಚದ ಮೇಲೆ ಕೂತು ಐಪ್ಯಾಡಲ್ಲಿ ಇದನ್ನೇ ನೋಡ್ತಿದ್ರು."

ಲೋ, ನೀನು ಎಂದೂ ಬರದ ಊರಿಗೂ ನನಗಿಂತ ಮೊದಲು ಬಂದು ಕೂತಿದ್ದೆಯಲ್ಲೋ! ಸಾವಿರ ವರ್ಷದ ಕಂಬದ ಹಿಂದೆಯೂ ನೀನೇ. ಎಂಥ ಸುಂದರ ಜಾಗ ಅದು. ನನಗೆ ಮಾತ್ರ ಒಂದು ಕಮಾನೂ ಸರಿಯಾಗಿ ನೆನಪಿಲ್ಲ. ಮುಖ ಹುಳಿ ಮಾಡಿಕೊಂಡು ಓಡಾಡಿದವನಿಗೆ ಏನು ಕಾಣುತ್ತದೆ?

ಅದೇ ದಿನ ಮಧ್ಯಾಹ್ನ ಬದನೆಕಾಯಿ ಬಂತು. ಕಡ್ಡಿಕಡ್ಡಿಯಾಗಿ ಹೆಚ್ಚಿ ಗರಿಗರಿ ಕರಿದು, ಮೇಲೆ ಕಬ್ಬಿನ ಜೋನಿಬೆಲ್ಲದಂಥದ್ದನ್ನು ಸುರಿದಿದ್ದರು. ನಿನಗೆ ಬಾಯಲ್ಲಿ ನೀರೂರುತ್ತಿತ್ತು. ಅಷ್ಟು ಹೊತ್ತಿಗೆ ತಟ್ಟೆಯ ಗೆರೆ ಸಣ್ಣದಾಗುತ್ತ ಬಂದಿತ್ತು. ಅದನ್ನು ನಾನು ದಿನವೂ ಗಮನಿಸುತ್ತಿದ್ದೆ, ಬೆಳೆ ನೋಡುವವನ ಹಾಗೆ. ಆ ದಿನ ಅವರು ಗೆರೆಯನ್ನೇ ಎಳೆಯಲಿಲ್ಲ. ಲೂಸಿಯಾ ಏನೋ ತಮಾಷೆ ಹೇಳುತ್ತಿದ್ದಳು, ವಸುಧಾ ಕೇಳುತ್ತ ಕೇಳುತ್ತ ಕೈ ಚಾಚಿ ನನ್ನ ಕಡೆಯ ಬದನೆಕಾಯಿಯನ್ನು ತೆಗೆದು ಬಾಯಿಗೆ ಹಾಕಿಕೊಂಡರು. ನನ್ನ ಫೋರ್ಕು ತಾಗಿದ ಕಡೆಯಿಂದ! ನನ್ನ ಎದೆ ಏನಾಯಿತೆಂದು ನಿನಗೆ ಹೇಳಲಾರೆ. ಒಂದು ಕ್ಷಣ. ಆಮೇಲೆ ಅವರು ಬೆಚ್ಚಿ ಕೈ ಹಿಂದಕ್ಕೆ ತೆಗೆದುಕೊಂಡರು. "ಅಯ್ಯೋ ರಾಮ. ಇವರು ಅಂದ್ಕೊಂಡ್ಬಿಟ್ಟೆ. ಕೊನೇ ತುಂಡು ಯಾವಾಗ್ಲೂ ನನಗೆ ಬಿಡೋರು."

ನನ್ನ ಕಡೆಯ ಬದನೆಕಾಯಿಯನ್ನು ತಿಂದರೂ ಅದು ನಿನ್ನ ಲೆಕ್ಕಕ್ಕೇ ಹೋಯಿತು. ನ್ಯಾಯವೇನೋ ಇದು? ನೀನೇ ಹೇಳು.

ಗ್ರನಾಡಾಕ್ಕೆ ಹೋಗುವ ದಾರಿಯಲ್ಲಿ ಒಂದು ಎಣ್ಣೆ ಗಾಣಕ್ಕೆ ಕರೆದೊಯ್ದರು. ಆಲಿವ್ ಎಣ್ಣೆ. ಸುತ್ತ ಎಲ್ಲಿ ನೋಡಿದರೂ ಬೂದುಹಸಿರು ಮರಗಳ ಸಾಲು. ಎಣ್ಣೆಯನ್ನು ನೀಲಿ ಬಣ್ಣದ ಪುಟ್ಟ ಲೋಟದಲ್ಲಿ ಕೊಡುತ್ತಾರೆ, ಬಣ್ಣ ನೋಡಿ ಮೋಸ ಹೋಗಬಾರದೆಂದು. ಅಂಗೈಯಲ್ಲಿ ಹಿಡಿದು ಬೆಚ್ಚಗೆ ಮಾಡಿ, ಮೂಸಿ, ಆಮೇಲೆ ಬರೀ ಎಣ್ಣೆಯನ್ನೇ ಗುಟುಕರಿಸಬೇಕು. ಒಳ್ಳೆಯ ಎಣ್ಣೆಯಾದರೆ ಗಂಟಲಲ್ಲಿ ಮೆಣಸಿನ ಹಾಗೆ ಚುರ್ ಎನ್ನುತ್ತದೆ, ಕೆಮ್ಮು ಬರುತ್ತದೆ. ಲೋಟ ಬೆಚ್ಚಗಾಗಲೆಂದು ನಾವಿಬ್ಬರೂ ಕಿಟಕಿಯ ಹತ್ತಿರ ಕಾಯುತ್ತ ನಿಂತಿದ್ದೆವು. ಇಲ್ಲಿ ನೀನು ಇರಲಿಲ್ಲ. ಎಣ್ಣೆ ಗಾಣದ ಬಗ್ಗೆ ನೀನು ಏನೂ ಓದಿರಲಿಲ್ಲ ಎಂದು ಕಾಣುತ್ತದೆ. ಈಗಲೇ ಕೇಳಬೇಕು ಎಂದುಕೊಂಡೆ.

ಕನ್ನಡದಲ್ಲಿ ಬಾಯಿ ಬರಲಿಲ್ಲ. ನಮ್ಮ ಭಾಷೆಯಲ್ಲಿ ಇಂಥದ್ದನ್ನು ಯಾರು ಯಾರಿಗೆ ಬಾಯಿಬಿಟ್ಟು ಕೇಳಿದ್ದಾರೆ? ದೊಡ್ಡವರು ಕೇಳುತ್ತಿದ್ದರು, ಜಾತಕ ಕೇಳುತ್ತಿತ್ತು. ಇಂಗ್ಲಿಷಿನಲ್ಲಿ ಹೇಳೋಣವೆಂದರೆ ಕಾಲೇಜಿನ ರಜಾ ಅರ್ಜಿಯ ಇಂಗ್ಲಿಷೊಂದೇ ಮುಂದೆ ಬಂದು ನಿಂತಿತು. "ವಸುಧಾ ಅವರೇ, ಐ ಬೆಗ್ ಟು ಸ್ಟೇಟ್ ದಟ್..."

"ಏನು, ರಜ ಬೇಕಾ?" ಎಂದರು.

"ಅಲ್ಲ. ಜೊತೆ ಬೇಕು." ಅಷ್ಟು ಹೊರಬಿತ್ತು. ಬಿದ್ದ ಮೇಲೆ ಹಿಂದಕ್ಕೆ ಎಳೆದುಕೊಳ್ಳಲಾಗಲಿಲ್ಲ. "ಇನ್ನು ಇರೋ ಅಷ್ಟು ದಿನ ನಾವಿಬ್ರೂ ಜೊತೆಯಾಗಿ ಇರಬಹುದಾ ಅಂತ. ವೆರಿಬೀಲಾದ್ರೂ ಸರಿ, ಎಲ್ಲಾದ್ರೂ ಸರಿ. ನೀವು ಬೇಡ ಅಂದ್ರೂ ಸರಿ." ಹೇಳಿ ಮುಗಿಸಿ ಗಾಬರಿಯಲ್ಲಿ ಲೋಟದ ಎಣ್ಣೆಯನ್ನು ಒಂದೇ ಸಲಕ್ಕೆ ಎತ್ತಿಬಿಟ್ಟೆ. ಗಂಟಲು ಉರಿದು ಕೆಮ್ಮು ಹತ್ತಿ ಕಣ್ಣಲ್ಲಿ ನೀರು. ಲೂಸಿಯಾ ದೂರದಿಂದ ಚಪ್ಪಾಳೆ ತಟ್ಟಿದಳು: "ಬ್ರಾವೋ! ಗುಡ್ ಆಯಿಲ್!" ವಸುಧಾ ಕರವಸ್ತ್ರ ಕೊಟ್ಟರು. ವ್ಯಾನಿನಲ್ಲಿ ಗ್ರನಾಡಾ ಮುಟ್ಟುವವರೆಗೂ ಕಿಟಕಿಯಾಚೆ ನೋಡುತ್ತ ಕೂತರು. ನಾನು ಅವರ ಕಿವಿಯ ಓಲೆ ನೋಡುತ್ತ ಕೂತೆ. ಆ ಓಲೆಯೂ ನೀನು ಕೊಡಿಸಿದ್ದೇ ಇರಬೇಕು.

ಗ್ರನಾಡಾದಲ್ಲಿ ಮರುದಿನ ಮಿಕ್ಕವರೆಲ್ಲ ಹಳೆಯ ಕೇರಿಯ ಏರು ಹತ್ತಿದರು. ನನ್ನ ಮಂಡಿ ಒಪ್ಪಲಿಲ್ಲ. "ನಾನೂ ಇಲ್ಲೇ ಇರ್ತೀನಿ," ಎಂದು ವಸುಧಾ ಉಳಿದರು. ಅಲ್ಲಿ ಕಿರಿದಾದ ಗಲ್ಲಿಯಲ್ಲಿ ಮೊರಾಕೋದವರ ಚಹಾ ಅಂಗಡಿಗಳಿವೆ, ಪುದೀನ ಚಹಾ ಕೊಡುತ್ತಾರೆ, ಹೂವಿನ ಚಿತ್ತಾರದ ಗಾಜಿನ ಲೋಟದಲ್ಲಿ. ಇಬ್ಬರಿಗೂ ಬೇರೆಬೇರೆ ಲೋಟ ಬಂತು. ಅವರು ಸಕ್ಕರೆ ಕದಡುತ್ತಾ ಕದಡುತ್ತಾ ಹೇಳಿದರು:

"ಮದುವೆ ಗಿದುವೆ ಅಂತ ಏನೂ ಬೇಡ ಈ ವಯಸ್ಸಲ್ಲಿ. ಜೊತೆ ಅಂದ್ರಲ್ಲ, ಅದು ಅರ್ಥ ಆಗತ್ತೆ. ಆದ್ರೆ ಒಂದು ಮಾತು ಕೇಳ್ತೀನಿ, ಬೇಜಾರು ಮಾಡ್ಕೋಬಾರ್ದು."

"ಕೇಳಿ."

"ಬಂದಾಗಿಂದ ನಾನು ಇವರು ಇವರು ಅಂತಾನೇ ಇದೀನಿ. ಒಂದೊಂದ್ಸಲ ಹೇಳ್ದಾಗಲೂ ನಿಮ್ಮ ಮುಖ ಹುಣಿಸೇಹಣ್ಣು ಚೀಪಿದ ಹಾಗಾಗೋದು ನನಗೆ ಕಾಣಲ್ಲ ಅಂದ್ಕೊಂಡಿದೀರಾ?"

ನಾನು ಚಹಾ ಊದಿದೆ.

"ಅದು ಬಿಡಿ. ನೀವು ಮಾತ್ರ ಸರೋಜಾ ಹೆಸರು ಒಂದ್ಸಲವೂ ಎತ್ತಲಿಲ್ಲ. ಅಷ್ಟು ಊರು ಸುತ್ತಿದ್ವಿ, ಅಷ್ಟು ತಿಂದ್ವಿ. ಸರೋಜಾಗೆ ಇದು ಇಷ್ಟ ಆಗ್ತಿತ್ತು, ಇದು ಆಗ್ತಿರಲಿಲ್ಲ, ಅಂತ ಏನಾದ್ರೂ? ಊಹೂಂ. ಫೋನಲ್ಲೂ ಇಲ್ಲ. ನನಗೆ ಅದೇ ಭಯ ಶ್ರೀಪತಿಯವರೇ. ಹೋದೋರನ್ನ ಹೀಗೆ ಬೀಗ ಹಾಕಿ ಇಡೋರ ಜೊತೆ ಹೇಗಿರೋದು? ನಾಳೆ ನಾನು ಮೊದಲು ಹೋದ್ರೆ ನನ್ನ ಕಥೇನೂ ಇಷ್ಟೇ ತಾನೇ?"

ಮೋಹನಾ, ನನಗೇ ಅದು ತಿಳಿದಿರಲಿಲ್ಲ. ಮನೆಯಲ್ಲಿ ಸರೋಜಳ ಮಾತು ಬಂದರೆ ಅನಿತಾ ಎದ್ದು ಒಗೆದ ಬಟ್ಟೆ ಮಡಿಸಲು ಹೋಗುತ್ತಾಳೆ, ಅಪ್ಪನಿಗೆ ನೋವಾಗುತ್ತದೆಂದು. ಅವಳಿಗೆ ನೋವಾಗುತ್ತದೆಂದು ನಾನೂ ಸುಮ್ಮನಿರುತ್ತೇನೆ. ಹೀಗೆ ಸುಮ್ಮನಿದ್ದೂ ಇದ್ದೂ... "ಕೇಳೋರು ಯಾರೂ ಇರಲಿಲ್ಲ," ಎಂದೆ.

"ಈಗ ಕೇಳ್ತಿದೀನಲ್ಲ."

ಎಲ್ಲಿಂದ ಶುರುಮಾಡುವುದು? ಕಂಪ್ಲೇಂಟ್ ಸೆಕ್ಷನ್ನಿನಿಂದ ಶುರುಮಾಡಿದೆ. ಹಾಸನದಲ್ಲಿ ಕರೆಂಟು ಹೋದರೆ ಸಾಕು, ಸರೋಜ ಪಕ್ಕದ ಮನೆಯ ಫೋನಿನಿಂದ ನನ್ನ ಆಫೀಸಿಗೇ ಫೋನು ಮಾಡುತ್ತಿದ್ದಳು. ತಾನು ಯಾರೆಂದು ಹೇಳದೆ, ದನಿ ದಪ್ಪ ಮಾಡಿಕೊಂಡು, "ಏನ್ರೀ, ದೋಸೆಗೆ ರುಬ್ಬೋಕೆ ಹಾಕಿದೀನಿ, ಅರ್ಧಕ್ಕೆ ನಿಂತಿದೆ. ನಿಮ್ಮನೇಲಿ ದೋಸೆ ತಿನ್ನಲ್ವಾ?" ಎಂದು ಗದರಿಸುವಳು. ಸಾಹೇಬರು ಪಕ್ಕದಲ್ಲೇ ಇರುತ್ತಿದ್ದರು. ನಾನು ಗಂಭೀರವಾಗಿ, "ಮೇಡಂ, ಯಾವ ಬಡಾವಣೆ? ಮನೆ ನಂಬರು ಹೇಳಿ," ಎನ್ನಬೇಕು. ಅವಳು ನಮ್ಮ ಮನೆ ನಂಬರನ್ನೇ ಹೇಳುವಳು. "ಯಜಮಾನರ ಹೆಸರು?" ಎಂದರೆ, "ಹೆಸರು ಹೇಳಬಾರ್ದು ರೀ, ನಮ್ಮ ಕಡೆ ಪದ್ಧತಿ ಇಲ್ಲ," ಎಂದು ಫೋನು ಕುಕ್ಕುವಳು. ಸಂಜೆ ಮನೆಗೆ ಹೋದರೆ ಏನೂ ಗೊತ್ತಿಲ್ಲದವಳ ಹಾಗೆ, "ಇವತ್ತು ಆಫೀಸಲ್ಲಿ ಏನು ವಿಶೇಷ?" ಎಂದು ಕೇಳುವಳು. ವರ್ಷಗಟ್ಟಲೆ ನಡೆದ ಈ ಆಟವನ್ನು ನಾವಿಬ್ಬರೂ ಒಂದು ದಿನವೂ ಬಾಯಿಬಿಟ್ಟು ಒಪ್ಪಿಕೊಳ್ಳಲಿಲ್ಲ.

ವಸುಧಾ ನಕ್ಕು ನಕ್ಕು ಚಹಾ ಚೆಲ್ಲಿಕೊಂಡರು. ಆಮೇಲೆ ಇನ್ನೊಂದು ಹೇಳಿ ಎಂದರು. ಇನ್ನೊಂದು ಹೇಳಿದೆ. ಮಿಕ್ಕವರು ಏರು ಹತ್ತಿ ಇಳಿದು ಬಂದಾಗ ನಾನು ಅಳುತ್ತಿದ್ದೆನೋ ನಗುತ್ತಿದ್ದೆನೋ, ಗ್ಲೆನಿಸ್ ಬಂದು ಭುಜ ತಟ್ಟಿದರು. ಉತ್ತರ ಏನು ಎಂದು ವಸುಧಾರನ್ನು ಮತ್ತೆ ಕೇಳಿದೆ. "ನೋಡೋಣ. ಮನೆಗೆ ಹೋದ್ಮೇಲೆ ಭಾನುವಾರ ನೀವೇ ಫೋನ್ ಮಾಡಿ. ಸರೋಜಾ ಬಗ್ಗೆ ಹೇಳ್ತಾ ಇರಿ," ಎಂದರು. ಅಷ್ಟೇ. ಹೌದೂ ಅಲ್ಲ, ಇಲ್ಲವೂ ಅಲ್ಲ.

ವಾಪಸ್ ಬಂದ ಮೇಲೆ ಭಾನುವಾರ ಬಿಡದೆ ಫೋನು ಮಾಡಿದೆ. ಬೀಗ ತೆಗೆದ ಮೇಲೆ ಕೇಳಬೇಕೆ? ಸರೋಜ ಬಸ್ಸಿನಲ್ಲಿ ಜಗಳವಾಡಿದ್ದು, ಸರೋಜ ಸೈಕಲ್ ಕಲಿತದ್ದು, ಸರೋಜ ಇಲ್ಲಿಯ ತಾನೇ ಓಡುವ ಮೆಟ್ರೋ ನೋಡಿ ಡ್ರೈವರ್ ಎಲ್ಲಿ ಎಂದು ಹುಡುಕಿದ್ದು. ಒಂದು ದಿನ ಅನಿತಾ ಬಾಗಿಲ ಹತ್ತಿರ ನಿಂತು ಕೇಳಿಸಿಕೊಂಡಳು. ಬಟ್ಟೆ ಮಡಿಸಲು ಹೋಗಲಿಲ್ಲ. ಬಂದು ಪಕ್ಕದಲ್ಲಿ ಕೂತು, "ಅಪ್ಪ, ಅಮ್ಮ ಸೈಕಲ್‌ನಿಂದ ಬಿದ್ದಿದ್ದೂ ಹೇಳು," ಎಂದಳು.

ಮೊನ್ನೆ ಭಾನುವಾರದ ಸುದ್ದಿ ಹೇಳಲೆಂದೇ ಇಷ್ಟು ಬರೆದದ್ದು. ಮಾವಿನಕಾಯಿ ಚಿತ್ರಾನ್ನದ ಮಾತು ಬಂತು. ಸರೋಜ ಹೇಗೆ ತುರಿಯುತ್ತಿದ್ದಳು, ಸಾಸಿವೆ ಎಷ್ಟು, ಅನ್ನ ಹೇಗೆ ಆರಿಸುತ್ತಿದ್ದಳು ಎಂದು ಹೇಳುತ್ತ ಹೋದೆ.

"ವಸುಧಾ ಅವರೇ, ಕೇಳಿಸ್ತಿದೆಯಾ?"

"ಕೇಳಿಸ್ತಿದೆ. ಚೆನ್ನಾಗಿ ಕೇಳಿಸ್ತಿದೆ. ಸರೋಜಾ ಮಾಡಿದ್ದು ಬಿಟ್ರೆ ಪ್ರಪಂಚದಲ್ಲಿ ಚಿತ್ರಾನ್ನಾನೇ ಇಲ್ವೇನೋ. ನನ್ನ ಕೈಯ್ದು ತಿಂದಿದೀರಾ ನೀವು?"

"ಇಲ್ಲವಲ್ಲ."

"ತಿನ್ನದೇ ಹೇಗ್ರೀ ಹೇಳ್ತೀರಾ? ಶನಿವಾರ ಬನ್ನಿ. ಬಂದು ತಿಂದು ಆಮೇಲೆ ಮಾತಾಡಿ. ಒಂದು ವಾರಕ್ಕಾಗೋ ಅಷ್ಟು ಬಟ್ಟೆ ತನ್ನಿ, ಇಲ್ಲಿ ಚಳಿ." ಫೋನು ಕುಕ್ಕಿಬಿಟ್ಟರು.

ಆ ದನಿ ಇತ್ತಲ್ಲ ಮೋಹನಾ, ಅದು ನನಗೆ ಚೆನ್ನಾಗಿ ಗೊತ್ತು. ಸೆವಿಲ್ಲಾದಿಂದ ಗ್ರನಾಡಾದವರೆಗೆ ಅದು ನನ್ನ ಗಂಟಲಲ್ಲೇ ಇತ್ತು. ಈಗ ವೆರಿಬೀ ಮುಟ್ಟಿದೆ. ಶನಿವಾರ ಬೆಳಗಿನ ಮೆಲ್ಬರ್ನ್ ವಿಮಾನಕ್ಕೆ ಅನಿತಾಳೇ ಟಿಕೆಟ್ ಬುಕ್ ಮಾಡಿದಳು, ವಾಪಸಿನದ್ದು ಯಾವಾಗ ಎಂದು ಅವಳೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ನಿನ್ನ ಊಟದ ಮನೆಯಲ್ಲಿ, ನಿನ್ನ ಫೋಟೋದ ಎದುರಿಗೇ ಕೂತು ತಿನ್ನುತ್ತೇನೆ, ಕಳ್ಳನ ಹಾಗೆ ಬೆನ್ನು ತಿರುಗಿಸಿ ಕೂರುವುದಿಲ್ಲ, ನಿನಗೆ ಮಾತು ಕೊಡುತ್ತೇನೆ. ಹೊಟ್ಟೆ ಉರಿದುಕೊಳ್ಳುವ ಸರದಿ ಇನ್ನು ನಿನ್ನದು. ಚಿತ್ರಾನ್ನ ಹೇಗಿದೆ ಎಂದು ಅವರು ಕೇಳಿಯೇ ಕೇಳುತ್ತಾರೆ. ಆಗ ಏನು ಹೇಳಬೇಕೆಂದು, ಅವರ ಜೊತೆ ಅಷ್ಟು ವರ್ಷ ಬಾಳಿದವನು ನೀನು, ಒಂದು ಸುಳಿವಾದರೂ...

ನಿನ್ನ
ಶ್ರೀಪತಿ